ಕಾರಿನಿಂದ ಸೈಕಲ್ಲಿಗೆ: ಇಳಿಯುವುದೋ, ಏರುವುದೋ?

ಸಕ್ಕರೆಯ ನಾಡೆಂದು ಹೆಸರಾದ ಮಂಡ್ಯದಲ್ಲಿ ಒಂದು ಕಾಲಕ್ಕೆ ಸೈಕಲ್ಲಿಗಿದ್ದ ಗೌರವ ಇಂದಿನ ಮೋಟಾರು ಕಾರಿಗೂ ಇಲ್ಲವೆಂದರೆ ತರುಣರು ನಂಬಲಾರರು. 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಕಾವೇರಿಯ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲಗಳಿದ್ದಲ್ಲಿ ಕಬ್ಬು, ಬತ್ತದ ಗದ್ದೆಗಳು ಹಸುರೊಡೆದವು; ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು. ಆ ಕಾಸಿನ ಹಿಂದೆಯೇ ಹಳ್ಳಿಯ ಬಾಗಿಲಿಗೆ ಬಂದದ್ದು ಸೈಕಲ್ಲು.

ಆಗ ಮದುವೆಯ ಮಾತುಕತೆಯಲ್ಲಿ ಕೈಗಡಿಯಾರದ ಜತೆಗೆ ಸೈಕಲ್ಲೂ ವರೋಪಚಾರದ ಪಟ್ಟಿಗೆ ಸೇರುತ್ತಿತ್ತು. ಪಟ್ಟಣಗಳಲ್ಲಿ ಅದಕ್ಕೆ ತೆರಿಗೆಯಿತ್ತು, ತಗಡಿನ ಬಿಲ್ಲೆಯಿತ್ತು. ರಾತ್ರಿ ದೀಪವಿಲ್ಲದೆ ಹೊರಟವನಿಗೆ ದಂಡವೂ ಇತ್ತು. ವಿದೇಶದಿಂದ ಬರುತ್ತಿದ್ದ ಸೈಕಲ್ಲುಗಳ ಜಾಗಕ್ಕೆ ಸ್ವದೇಶದವು ಬಂದವು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಂಪನಿಗಳು ಹುಟ್ಟಿಕೊಂಡವು. ಮೇಷ್ಟರು, ಅಂಚೆಯವನು, ಹಾಲಿನವನು, ಕಾರ್ಖಾನೆಯ ಗುಮಾಸ್ತ, ಎಲ್ಲರ ಬದುಕೂ ಎರಡು ಚಕ್ರಗಳ ಮೇಲೆ ಸಾಗಿತು.

ಆಮೇಲೆ ಮೊಪೆಡ್ ಬಂತು, ಸ್ಕೂಟರು ಬಂತು, ಕೊನೆಗೆ ಕಂತಿನ ಸಾಲದ ಕೈಹಿಡಿದು ಕಾರೂ ಬಂತು. 2020ರ ಜೂನ್ 3ರಂದು, ಎಂದರೆ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿತು. ಆದರೆ ಸೈಕಲ್ಲಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೊಟ್ಟೆ ಮುಂದೆ ಬಂದು, ರಕ್ತದಲ್ಲಿ ಸಕ್ಕರೆ ಏರಿ, ಪೆಟ್ರೋಲಿನ ಬೆಲೆಯೂ ಏರಿದ ಮೇಲೆ, "ಕಚೇರಿಗೆ ಸೈಕಲ್ಲಿನಲ್ಲೇ ಹೋದರೆ ಹೇಗೆ?" ಎಂಬ ಯೋಚನೆ ಅನೇಕ ಗೃಹಸ್ಥರ ಮನಸ್ಸಿನಲ್ಲಿ ಸುಳಿಯುತ್ತಿದೆ. ಯೋಚನೆ ಸುಲಭ. ಅದನ್ನು ನಡೆಸಲು ಹೊರಟಾಗ ಎದುರಾಗುವ ಏರುಗಳೆಷ್ಟು, ಅವನ್ನು ದಾಟುವ ಬಗೆ ಹೇಗೆ ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದ ಮೇಲೆಯೇ ನಿಂತು ನೋಡುವುದು ಲೇಸು.

ಮರ್ಯಾದೆಯೆಂಬ ಮೊದಲ ಏರು

ಮಂಡ್ಯದ ವಿದ್ಯಾನಗರದಲ್ಲೋ ಅಶೋಕನಗರದಲ್ಲೋ ವಾಸಿಸುವ ಒಬ್ಬ ಅಧಿಕಾರಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ನಲವತ್ತೈದು, ಮನೆಯ ಮುಂದೆ ಕಾರು. ಅವರು ಒಂದು ಸೋಮವಾರ ಸೈಕಲ್ಲೇರಿ ಹೊರಟರೆ, ತಿರುವಿನ ಬೀಡಾ ಅಂಗಡಿಯವನ ಮೊದಲ ಮಾತು ಇದು: "ಏನ್ ಸಾ, ಕಾರ್ ಮಾರ್ಬುಟ್ರಾ?" ಕಚೇರಿಯ ಜವಾನ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ, ಆದರೆ ಸೈಕಲ್ಲನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕಣ್ಣರಳಿಸಿ ನಿಲ್ಲುತ್ತಾನೆ. ಸಂಜೆಯ ವೇಳೆಗೆ ಸುದ್ದಿ ಮಾವನ ಮನೆಗೂ ಮುಟ್ಟಿರುತ್ತದೆ. "ಅಳಿಯಂದಿರಿಗೆ ಏನಾದರೂ ತೊಂದರೆಯೇನಮ್ಮ?" ಎಂದು ಅತ್ತೆ ಮಗಳಿಗೆ ದೂರವಾಣಿಯಲ್ಲಿ ಕೇಳುತ್ತಾರೆ.

ನಗೆಯ ಮಾತಾದರೂ ಇದರ ಹಿಂದಿನ ನೋವು ಸುಳ್ಳಲ್ಲ. ಅಪ್ಪ ಸೈಕಲ್ ತುಳಿದು ಮಗನನ್ನು ಓದಿಸಿದ, ಮಗ ಕಾರು ಕೊಂಡ ಎಂಬುದು ಈ ಸೀಮೆಯ ನೂರಾರು ಸಂಸಾರಗಳ ಏಳಿಗೆಯ ಚರಿತ್ರೆ. ಆ ಮಗನೇ ಮತ್ತೆ ಸೈಕಲ್ ಹಿಡಿದರೆ, ಏಳಿಗೆಯ ಏಣಿಯಿಂದ ಕಾಲು ಜಾರಿತೇನೋ ಎಂದು ಹೆತ್ತವರ ಕರುಳು ಚುರುಕ್ಕೆನ್ನುತ್ತದೆ. ತುಳಿಯುವ ಕಾಲಿನ ನೋವು ಹದಿನೈದು ದಿನಗಳಲ್ಲಿ ಹೋಗುತ್ತದೆ. ನೋಡುವ ಕಣ್ಣುಗಳ ಭಾರ ಅಷ್ಟು ಬೇಗ ಇಳಿಯುವುದಿಲ್ಲ. ಸೈಕಲ್ ಹಿಡಿದು ಮತ್ತೆ ಬಿಟ್ಟವರಲ್ಲಿ ಎಷ್ಟೋ ಮಂದಿ ಸೋತದ್ದು ರಸ್ತೆಯ ಏರಿಗಲ್ಲ, ಈ ಏರಿಗೆ.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. 2011ರ ಜನಗಣತಿಯಂತೆ ಭಾರತದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಕಾರೋ ಜೀಪೋ ಇದ್ದದ್ದು 5ಕ್ಕಿಂತ ಕಡಮೆ ಮನೆಗಳಲ್ಲಿ. ಸೈಕಲ್ ತುಳಿಯುವವನು ಒಂಟಿಯಲ್ಲ. ಅವನ ಜತೆಯವರು ಬೀದಿಯ ತುಂಬ ಇದ್ದಾರೆ. ಗಾರೆ ಕೆಲಸದವರು, ಸೊಪ್ಪು ಮಾರುವವರು, ಶಾಲೆಯ ಮಕ್ಕಳು ದಿನವೂ ಆ ರಸ್ತೆಯಲ್ಲಿಯೇ ಹೋಗುತ್ತಾರೆ. ಅವರನ್ನು ಯಾರೂ "ಕಾರು ಮಾರಿದಿರಾ?" ಎಂದು ಕೇಳುವುದಿಲ್ಲ. ಹಾಗೆಂದ ಮೇಲೆ ಆ ಪ್ರಶ್ನೆ ಸೈಕಲ್ಲಿಗೆ ಸಂಬಂಧಿಸಿದ್ದಲ್ಲ, ಅಂತಸ್ತಿಗೆ ಸಂಬಂಧಿಸಿದ್ದು.

ದೂರದ ಲೆಕ್ಕ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸೈಕಲ್ಲಿಗೂ ಸಲ್ಲುತ್ತದೆ. ಮಂಡ್ಯ ಪಟ್ಟಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕೈದು ಕಿಲೋಮೀಟರು. ಆತುರವಿಲ್ಲದೆ ತುಳಿದರೂ ಸೈಕಲ್ ಗಂಟೆಗೆ ಹದಿನೈದು ಕಿಲೋಮೀಟರು ಸಾಗುತ್ತದೆ. ನಾಲ್ಕು ಕಿಲೋಮೀಟರಿಗೆ ಹದಿನಾರು ನಿಮಿಷ ಸಾಕು. ಬೆಳಗ್ಗೆ ಒಂಬತ್ತೂವರೆಯ ಗದ್ದಲದಲ್ಲಿ ಕಾರು ವೃತ್ತ ವೃತ್ತದಲ್ಲಿ ನಿಂತು, ಕಡೆಗೆ ನಿಲ್ಲಿಸಲು ಜಾಗ ಹುಡುಕಿ ತಿರುಗುವ ಹೊತ್ತನ್ನು ಸೇರಿಸಿದರೆ, ಎರಡಕ್ಕೂ ಅಂತರ ಕೆಲವೇ ನಿಮಿಷಗಳದು. ಮದ್ದೂರು, ಮಳವಳ್ಳಿಗಳಂಥ ಚಿಕ್ಕ ಪಟ್ಟಣಗಳೊಳಗಂತೂ ದೂರ ಇನ್ನೂ ಕಡಮೆ.

ತೊಡಕು ಬರುವುದು ಮಂಡ್ಯದಲ್ಲಿ ಮನೆ, ಮದ್ದೂರಿನಲ್ಲಿ ಕೆಲಸ ಎಂದಾಗ. ಅಲ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಹೋಗಲು ಗಂಟೆ ಇಪ್ಪತ್ತು ನಿಮಿಷ, ಬರಲು ಅಷ್ಟೇ. ಮೇಲಾಗಿ ಮದ್ದೂರು ಮಂಡ್ಯಕ್ಕೆ ಮೂಡಲಲ್ಲಿರುವುದರಿಂದ ಬೆಳಗ್ಗೆ ಹೋಗುವಾಗ ಎಳೆಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಸಂಜೆ ಹಿಂದಿರುಗುವಾಗ ಪಡುವಣದ ಬಿಸಿಲೂ ಕಣ್ಣಿಗೇ. ಆಷಾಢದಲ್ಲಿ ಪಡುವಣ ಗಾಳಿ ಹೋಗುವಾಗ ಬೆನ್ನು ತಟ್ಟಿ, ದಣಿದು ಬರುವ ಹೊತ್ತಿಗೆ ಎದೆಗೆ ಎದುರಾಗಿ ನಿಲ್ಲುತ್ತದೆ. ದಿನವೂ ನಲವತ್ತು ಕಿಲೋಮೀಟರು ತುಳಿದು ಕಚೇರಿಯ ಕೆಲಸವನ್ನೂ ಮಾಡುತ್ತೇನೆಂಬ ಹಟ ಹೆಚ್ಚಿನವರಿಗೆ ಒಂದು ವಾರಕ್ಕಿಂತ ನಿಲ್ಲದು.

ಇಂಥವರಿಗೆ ರೈಲು ದೊಡ್ಡ ಆಸರೆ. ಬೆಂಗಳೂರು ಮೈಸೂರು ರೈಲುದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಮಂಡ್ಯ, ಹನಕೆರೆ, ಮದ್ದೂರು ಮೂರೂ ಆ ದಾರಿಯ ನಿಲ್ದಾಣಗಳೇ. ಮನೆಯಿಂದ ನಿಲ್ದಾಣದವರೆಗೆ ಸೈಕಲ್, ಅಲ್ಲಿಂದ ರೈಲು, ಮದ್ದೂರಿನಲ್ಲಿ ಇಳಿದ ಮೇಲೆ ಅಲ್ಲಿಯೇ ಇರಿಸಿಕೊಂಡ ಇನ್ನೊಂದು ಹಳೆಯ ಸೈಕಲ್. ಹೀಗೆ ಹೊಂದಿಸಿಕೊಂಡರೆ ಇಪ್ಪತ್ತು ಕಿಲೋಮೀಟರು ನಾಲ್ಕಕ್ಕೆ ಇಳಿಯುತ್ತದೆ.

ಮಳವಳ್ಳಿಗೆ ಈ ಭಾಗ್ಯವಿಲ್ಲ, ಅಲ್ಲಿಗೆ ರೈಲಿಲ್ಲ. ಮಂಡ್ಯದಿಂದ ಮೂವತ್ತು ಕಿಲೋಮೀಟರಿಗೂ ಮೇಲೆ ದೂರ. ಮಳವಳ್ಳಿಯ ಶಾಲೆಗೋ ಕಚೇರಿಗೋ ದಿನವೂ ಕಾರಿನಲ್ಲಿ ಹೋಗಿಬರುವವರಿಗೆ ಬಸ್ಸೇ ಗತಿ. ಬಸ್ಸಿಳಿದ ಮೇಲಿನ ಒಂದೆರಡು ಕಿಲೋಮೀಟರಿಗೆ ಮಾತ್ರ ಸೈಕಲ್. ಇದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಕಾರು ಮಾಡುತ್ತಿದ್ದ ಕೆಲಸವನ್ನೆಲ್ಲ ಸೈಕಲ್ಲೊಂದೇ ಮಾಡಬೇಕೆಂಬ ನಿಯಮವೇನೂ ಇಲ್ಲ.

ದಾರಿಯ ಕಷ್ಟ

2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶ ನಿಷೇಧವಾಯಿತು. ಗಂಟೆಗೆ ನೂರು ಕಿಲೋಮೀಟರು ಧಾವಿಸುವ ಕಾರಿನ ಪಕ್ಕದಲ್ಲಿ ಹದಿನೈದರ ಸೈಕಲ್ ಹೋಗುವುದು ಅಪಾಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಹಾಗೆ ಹೊರಬಿದ್ದವರೆಲ್ಲರೂ, ಎಂದರೆ ಮೋಟಾರ್ ಸೈಕಲ್ಲು, ಆಟೋ, ಟ್ರ್ಯಾಕ್ಟರು ಎಲ್ಲವೂ, ಪಕ್ಕದ ಸರ್ವೀಸ್ ರಸ್ತೆಯಲ್ಲಿಯೇ ಕಲೆತಿವೆ. ಸೈಕಲ್ಲಿನವನು ಅವುಗಳ ನಡುವೆ ದಾರಿ ಮಾಡಿಕೊಳ್ಳಬೇಕು.

ಹೆದ್ದಾರಿಯಿಂದ ಪಟ್ಟಣಕ್ಕೆ ಒಂದು ಉಪಕಾರವೂ ಆಗಿದೆ. ಮೈಸೂರಿಗೆ ಧಾವಿಸುವ ಕಾರು, ಲಾರಿಗಳು ಈಗ ಬೈಪಾಸಿನಲ್ಲಿ ಸರಿದುಹೋಗುತ್ತವೆ. ಮದ್ದೂರಿನ ವಡೆಯ ವ್ಯಾಪಾರಿಗಳಿಗೆ ಇದರಿಂದ ಪೆಟ್ಟು ಬಿದ್ದದ್ದು ನಿಜ. ಆದರೆ ಹಳೆಯ ರಸ್ತೆಯಲ್ಲಿ ದೂರದ ವಾಹನಗಳ ಭರಾಟೆ ತಗ್ಗಿದ್ದೂ ನಿಜ. ಸೈಕಲ್ಲಿಗೆ ಜಾಗ ಮಾಡಿಕೊಡಲು ಇದಕ್ಕಿಂತ ಒಳ್ಳೆಯ ಕಾಲ ಬಾರದು.

ಹಳ್ಳಿಯ ರಸ್ತೆಗಳ ಕಷ್ಟಗಳು ಬೇರೆ. ಕಬ್ಬು ಅರೆಯುವ ಕಾಲದಲ್ಲಿ ಮೈತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಅರ್ಧಕ್ಕಿಂತ ಹೆಚ್ಚನ್ನು ನುಂಗಿ ಸಾಗುತ್ತವೆ. ಹೊರಚಾಚಿದ ಜಲ್ಲೆಗಳು ಪಕ್ಕದವನ ಭುಜಕ್ಕೆ ತಗುಲುವಂತಿರುತ್ತವೆ. ಸುಗ್ಗಿಯ ದಿನಗಳಲ್ಲಿ ಹುರುಳಿ, ರಾಗಿಗಳನ್ನು ಟಾರು ರಸ್ತೆಯ ಮೇಲೆಯೇ ಹರಡಿ ವಾಹನಗಳ ಚಕ್ರಗಳಿಂದ ಒಕ್ಕಣೆ ಮಾಡಿಸುವುದು ಈ ಸೀಮೆಯ ಪದ್ಧತಿ. ಕಾರಿನವನಿಗೆ ಅದು ಒಂದು ಕ್ಷಣದ ಕರಕರ ಸದ್ದು. ಸೈಕಲ್ಲಿನವನಿಗೆ ಕಡ್ಡಿಗಳಿಗೆ, ಚೈನಿಗೆ ಹುರುಳಿಬಳ್ಳಿ ಸುತ್ತಿಕೊಂಡು ಮುಗ್ಗರಿಸುವ ಭಯ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ನಾಲೆಯ ಏರಿಯ ದಾರಿಗಳು ನೋಡಲು ಸೊಗಸು. ತಂಪು ಗಾಳಿ, ಹಸುರು ಗದ್ದೆ, ವಾಹನಗಳೂ ವಿರಳ. ಆದರೆ ತಡೆಗೋಡೆಯಿಲ್ಲದ ಏರಿಯನ್ನು ನಂಬುವಂತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಜೀವ ತೆತ್ತದ್ದನ್ನು ಜಿಲ್ಲೆ ಮರೆತಿಲ್ಲ. ಕತ್ತಲಾದ ಮೇಲೆ ನಾಲೆಯ ದಾರಿಯನ್ನು ಬಿಟ್ಟು ಬೀದಿದೀಪವಿರುವ ದಾರಿಯನ್ನು ಹಿಡಿಯಬೇಕು. ಸೈಕಲ್ಲಿಗೆ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ತಲೆಗೆ ಹೆಲ್ಮೆಟ್ ಧರಿಸಬೇಕು. ನೋಡುವವರು ನಕ್ಕರೆ ನಗಲಿ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಗಾಬರಿಯಿಂದ ವೇಗ ಹೆಚ್ಚಿಸಿ ಬೀಳುವವರೇ ಹೆಚ್ಚು. ಇಳಿದು ಸೈಕಲ್ಲನ್ನು ನಾಯಿಗೂ ತಮಗೂ ನಡುವೆ ಹಿಡಿದು ನಿಂತರೆ ಅದು ಬಹುಮಟ್ಟಿಗೆ ಬೊಗಳಿ ಸುಮ್ಮನಾಗುತ್ತದೆ.

ಮೈ, ಬೆವರು, ಮಳೆ

ವರ್ಷಾನುಗಟ್ಟಲೆ ಕಾರಿನ ಆಸನದಲ್ಲಿ ಕುಳಿತ ಮೈ ಮೊದಲ ವಾರ ದೂರು ಹೇಳದೆ ಬಿಡದು. ತೊಡೆ ಬಿಗಿಯುತ್ತದೆ, ಸೀಟು ಒತ್ತುತ್ತದೆ, ಏದುಸಿರು ಬರುತ್ತದೆ. ಮಂಡಿನೋವಿಗೆ ಮಾತ್ರ ಸಾಮಾನ್ಯವಾಗಿ ವಯಸ್ಸಿಗಿಂತ ಸೀಟಿನ ಎತ್ತರವೇ ಕಾರಣ. ಸೀಟು ತಗ್ಗಾಗಿದ್ದರೆ ಮಂಡಿ ಪೂರ್ತಿ ಮಡಿಚಿಕೊಂಡೇ ಒತ್ತಬೇಕಾಗುತ್ತದೆ. ಪೆಡಲು ಕೆಳತುದಿಗೆ ಬಂದಾಗ ಕಾಲು ಬಹುಮಟ್ಟಿಗೆ ನೀಳವಾಗಿ, ಮಂಡಿ ತುಸುವೇ ಬಾಗಿರುವಂತೆ ಸೀಟನ್ನು ಎತ್ತರಿಸಿಕೊಂಡರೆ ಅರ್ಧ ನೋವು ಮಾಯವಾಗುತ್ತದೆ. ಚಕ್ರಗಳಿಗೆ ಗಾಳಿ ಕಡಮೆಯಿದ್ದರೆ ತುಳಿತ ಭಾರವಾಗುತ್ತದೆ. ವಾರಕ್ಕೊಮ್ಮೆ ಪಂಪು ಹೊಡೆಯುವುದನ್ನು ಮರೆಯಬಾರದು.

ಬೆವರಿನ ಪ್ರಶ್ನೆ ಇನ್ನೂ ಕಠಿನ. ಚೈತ್ರ, ವೈಶಾಖಗಳಲ್ಲಿ ಹತ್ತು ಗಂಟೆಗೆ ಇಸ್ತ್ರಿಯ ಅಂಗಿ ತೊಟ್ಟು ತುಳಿದವರು ಕಚೇರಿ ಮುಟ್ಟುವಾಗ ಕೆರೆಯಲ್ಲಿ ಮುಳುಗಿ ಎದ್ದವರಂತಿರುತ್ತಾರೆ. ಅರ್ಧ ಗಂಟೆ ಮುಂಚೆ ಹೊರಡುವುದು, ನಿಧಾನವಾಗಿ ತುಳಿಯುವುದು, ಕಚೇರಿಯ ಬೀರುವಿನಲ್ಲಿ ಒಂದು ಟವಲು, ಒಂದು ಅಂಗಿ ಇಟ್ಟಿರುವುದು, ಇವು ಸರಳ ಉಪಾಯಗಳು. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳದೆ ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ಬೆನ್ನು ತೋಯುವುದು ತಪ್ಪುತ್ತದೆ. ಸೀರೆಯುಡುವ ಹೆಂಗಸರಿಗೆ ಅಡ್ಡಕಂಬಿಯಿಲ್ಲದ ಸೈಕಲ್ಲೂ, ಚೈನನ್ನು ಪೂರ್ತಿ ಮುಚ್ಚುವ ತಗಡೂ ಅವಶ್ಯ.

ಈ ಸೀಮೆಯಲ್ಲಿ ಮಳೆ ವಿಪರೀತವಲ್ಲವಾದರೂ ಹಿಂಗಾರಿನ ಸಂಜೆಯ ಮಳೆ ಹೇಳಿ ಕೇಳಿ ಬರುವುದಲ್ಲ. ನೆನೆದ ಚಕ್ರವನ್ನು ಬ್ರೇಕು ಸರಿಯಾಗಿ ಹಿಡಿಯದು. ಮಳೆಯಲ್ಲಿ ಬಹಳ ಮುಂಚೆಯೇ ಬ್ರೇಕು ಒತ್ತಲು ತೊಡಗಬೇಕು. ಜಡಿಮಳೆ ಹಿಡಿದ ದಿನ ಸೈಕಲ್ಲನ್ನು ಕಚೇರಿಯಲ್ಲಿಯೇ ಬಿಟ್ಟು ಆಟೋ ಹತ್ತಿದರೆ ವ್ರತಭಂಗವೇನೂ ಆಗುವುದಿಲ್ಲ.

ಇಷ್ಟೆಲ್ಲ ಪಟ್ಟ ಕಷ್ಟಕ್ಕೆ ಫಲವೇನು? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಾದರೂ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಎರಡು ಬಾರಿ ಹದಿನಾರು ನಿಮಿಷ ತುಳಿದರೆ ಐದು ದಿನಗಳಲ್ಲಿ 160 ನಿಮಿಷ. ವ್ಯಾಯಾಮಕ್ಕೆ ಬಿಡುವಿಲ್ಲವೆನ್ನುವವರಿಗೆ ಕಚೇರಿಯ ದಾರಿಯೇ ವ್ಯಾಯಾಮಶಾಲೆಯಾಗುತ್ತದೆ. ಆದರೆ ಹೃದಯದ ತೊಂದರೆಯುಳ್ಳವರೂ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುತ್ತಿರುವವರೂ ವೈದ್ಯರನ್ನು ಕೇಳಿಯೇ ಹೊರಡಬೇಕು. ಶ್ರಮದಿಂದ ರಕ್ತದ ಸಕ್ಕರೆ ಥಟ್ಟನೆ ಇಳಿದು ತಲೆ ಸುತ್ತುವ ಸಂಭವವುಂಟು; ಅಂಥವರ ಜೇಬಿನಲ್ಲಿ ನಾಲ್ಕು ಚೂರು ಕಲ್ಲುಸಕ್ಕರೆ ಇರಬೇಕು.

ಉಳಿತಾಯವೆಷ್ಟು?

ಹಣದ ವಿಷಯದಲ್ಲಿ ಉತ್ಪ್ರೇಕ್ಷೆ ಸಲ್ಲದು. ದಿನಕ್ಕೆ ಎಂಟು ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ 200 ಕಿಲೋಮೀಟರು. ಪಟ್ಟಣದೊಳಗೆ ಲೀಟರಿಗೆ ಹದಿನೈದು ಕಿಲೋಮೀಟರು ಓಡುವ ಕಾರಿಗೆ ಹದಿಮೂರು ಲೀಟರಿಗೆ ಮೇಲೆ ಪೆಟ್ರೋಲು ಬೇಕು. ಕರ್ನಾಟಕದಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿಯ ಗಡಿ ದಾಟಿದ್ದು 2021ರಲ್ಲಿ. ನೂರರ ಲೆಕ್ಕ ಹಿಡಿದರೂ ತಿಂಗಳಿಗೆ ಸಾವಿರದ ಮುನ್ನೂರು ರೂಪಾಯಿಗೆ ಮೇಲೆ ಉಳಿಯುತ್ತದೆ. ಕಾರಿನ ವಿಮೆಯಾಗಲಿ ಸಾಲದ ಕಂತಾಗಲಿ, ಕಾರು ಮನೆಯಲ್ಲಿರುವವರೆಗೆ ತಪ್ಪುವುದಿಲ್ಲ. ಆದ್ದರಿಂದ ಹಣಕ್ಕಾಗಿಯೇ ಸೈಕಲ್ ಹಿಡಿಯುವವರು ಬೇಗ ನಿರಾಶರಾಗುತ್ತಾರೆ. ಎರಡನೆಯ ಕಾರು ಕೊಳ್ಳುವ ಯೋಚನೆಯಲ್ಲಿರುವ ಸಂಸಾರಕ್ಕೆ ಮಾತ್ರ ಉಳಿತಾಯ ದೊಡ್ಡದು. ಆ ಕಾರನ್ನು ಕೊಳ್ಳಬೇಕಾಗಿಯೇ ಬರುವುದಿಲ್ಲ.

ಮನೆಯವರ ಆತಂಕ

"ನಿಮಗೇನಾದರೂ ಆದರೆ ನಮ್ಮ ಗತಿಯೇನು?" ಎಂಬುದು ಮನೆಯಾಕೆಯ ಪ್ರಶ್ನೆ. ಇದನ್ನು ಹೆಂಗಸರ ಅಳುಕೆಂದು ತಳ್ಳಿಹಾಕುವಂತಿಲ್ಲ. ಕಾರಿನ ತಗಡಿನ ಕವಚ ಸೈಕಲ್ಲಿನವನಿಗಿಲ್ಲ. ಆದರೆ ಅದೇ ಮನೆಯ ಇನ್ನೊಂದು ದೃಶ್ಯವನ್ನು ನೋಡಬೇಕು. ಹೈಸ್ಕೂಲಿನ ಮಗಳು ಬೆಳಗ್ಗೆ ಎರಡು ಜಡೆ ಹಾಕಿಕೊಂಡು ಸೈಕಲ್ಲೇರಿ ಶಾಲೆಗೆ ಹೊರಡುತ್ತಾಳೆ. ಹತ್ತು ನಿಮಿಷದ ಮೇಲೆ ತಂದೆ ಅದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಾನೆ. ದೊಡ್ಡವನಿಗೆ ಅಪಾಯವೆಂದು ತೋರುವ ರಸ್ತೆ ಹದಿನಾಲ್ಕರ ಹುಡುಗಿಗೆ ಕ್ಷೇಮವೆ?

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಊರಿಂದ ಊರಿಗೆ ನಡೆದು ಓದಲಾರದೆ ಶಾಲೆ ಬಿಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಸೈಕಲ್ಲು ಹೈಸ್ಕೂಲಿನ ಬಾಗಿಲು ತೆರೆಯಿತು. ಮಕ್ಕಳಿಗೆ ಸೈಕಲ್ ದೊರೆಯಿತು. ಸೈಕಲ್ಲಿಗೆ ರಸ್ತೆ ದೊರೆಯಲಿಲ್ಲ. ರಸ್ತೆಯ ಬಗೆಗೆ ಅಹವಾಲು ಹೇಳಬಲ್ಲ ದೊಡ್ಡವರು ಕಾರಿನ ಗಾಜಿನ ಹಿಂದೆ ಕುಳಿತಿರುವಾಗ, ಮಕ್ಕಳ ಕಷ್ಟ ಯಾರ ಕಿವಿಗೆ ಬೀಳಬೇಕು?

ಹಾಲೆಂಡಿನ ಕತೆ ಇಲ್ಲಿ ಉಪದೇಶಪ್ರಾಯವಾಗಿದೆ. ಆ ದೇಶ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವಾಗಿತ್ತೆಂದು ಅನೇಕರ ಭಾವನೆ. ಹಾಗಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯೂ ಕಾರುಗಳು ಬೀದಿಯನ್ನು ತುಂಬಿ ಸೈಕಲ್ಲನ್ನು ಅಂಚಿಗೆ ತಳ್ಳಿದವು. 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೂಗಿದರು. 1973ರಲ್ಲಿ ಎಣ್ಣೆಯ ಅಭಾವ ತಲೆದೋರಿ, ಸರ್ಕಾರ ಭಾನುವಾರಗಳಂದು ಕಾರುಗಳ ಓಡಾಟವನ್ನೇ ತಡೆದಾಗ, ನಿಶ್ಶಬ್ದವಾದ ಬೀದಿಗಳ ಸುಖವನ್ನು ಜನ ಕಂಡರು. ಇಂದು ಅಲ್ಲಿ ಕಾಣುವ ಸೈಕಲ್ ದಾರಿಗಳು ಆ ಬಳಿಕ ಕೇಳಿ ಪಡೆದವು.

ಅಮೆರಿಕದ ಜೇಕಬ್ಸನ್ ಎಂಬ ಸಂಶೋಧಕ 2003ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟ. ಸೈಕಲ್ಲಿನವರೂ ಕಾಲ್ನಡೆಯವರೂ ಹೆಚ್ಚಿದ ಊರುಗಳಲ್ಲಿ ಅವರಿಗೆ ಒದಗುವ ಅಪಘಾತಗಳು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಬ್ಬೊಬ್ಬನಿಗೆ ಇರುವ ಅಪಾಯ ಇಳಿಯುತ್ತದೆ. ಹೆಜ್ಜೆ ಹೆಜ್ಜೆಗೂ ಸೈಕಲ್ ಕಂಡರೆ ಕಾರಿನವನು ಎಚ್ಚರದಿಂದ ಓಡಿಸುತ್ತಾನೆಂಬುದು ಇದರ ತಾತ್ಪರ್ಯ. ತಂದೆ ಸೈಕಲ್ ಹಿಡಿದರೆ ಮಗಳ ದಾರಿಯೂ ಅಷ್ಟರಮಟ್ಟಿಗೆ ಕ್ಷೇಮವಾಗುತ್ತದೆ.

ಮೊದಲ ಹೆಜ್ಜೆ

ಕಾರು ಬಿಡುವುದೆಂದರೆ ಸಂನ್ಯಾಸ ಸ್ವೀಕರಿಸುವುದೆಂದು ಭಾವಿಸಬೇಕಾಗಿಲ್ಲ. ಮೊದಲು ಒಂದು ಭಾನುವಾರ ಬೆಳಗ್ಗೆ, ಜನಸಂಚಾರವಿಲ್ಲದಾಗ, ಕಚೇರಿಯ ದಾರಿಯನ್ನು ಒಮ್ಮೆ ತುಳಿದು ನೋಡಬೇಕು. ಎಲ್ಲಿ ಹಂಪಿದೆ, ಎಲ್ಲಿ ಗುಂಡಿಯಿದೆ, ಯಾವ ಒಳಬೀದಿಯಿಂದ ಹೋದರೆ ದೊಡ್ಡ ವೃತ್ತ ತಪ್ಪುತ್ತದೆ ಎಂಬುದು ಆಗ ತಿಳಿಯುತ್ತದೆ. ಆಮೇಲೆ ವಾರಕ್ಕೆ ಎರಡು ದಿನ, ತಿಂಗಳಾದ ಮೇಲೆ ಮೂರು ದಿನ. ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯಲು, ಮದುವೆಗೆ ಸಂಸಾರಸಮೇತ ಹೋಗಲು ಕಾರು ಇರಲಿ. ಬಳಿಯಲ್ಲಿರುವ ಸೈಕಲ್ ಶಾಪಿನವನ ಪರಿಚಯ ಮಾಡಿಕೊಳ್ಳಬೇಕು. ಪಂಕ್ಚರಾದ ದಿನ ಅವನೇ ಆಪದ್ಬಾಂಧವ.

ಊರಿನ ಆಡಳಿತಕ್ಕೂ ಇದರಲ್ಲಿ ಪಾಲುಂಟು. ನೆರೆಯ ಮೈಸೂರು ನಗರ 2017ರ ಜೂನ್ ತಿಂಗಳಲ್ಲಿ 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ವ್ಯವಸ್ಥೆಯನ್ನು ಆರಂಭಿಸಿ ದಾರಿ ತೋರಿಸಿತು. ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಾಗಿಲ್ಲ. ರೈಲು ನಿಲ್ದಾಣದಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಬೀಗ ಹಾಕಿ ನಂಬಿ ಬಿಡಬಹುದಾದ ನೆರಳಿನ ಸೈಕಲ್ ಸ್ಟ್ಯಾಂಡು, ಶಾಲೆಯ ದಾರಿಗಳಲ್ಲಿ ಉರಿಯುವ ಬೀದಿದೀಪ, ರಸ್ತೆಯಂಚಿನಲ್ಲಿ ಗುಂಡಿಯಿಲ್ಲದ ಒಂದು ಗಜ ಜಾಗ, ಇಷ್ಟಾದರೆ ಸದ್ಯಕ್ಕೆ ಸಾಕು. ಕಚೇರಿಗಳ ಆವರಣದಲ್ಲಿ ಕಾರುಗಳಿಗೆ ಮರದ ನೆರಳನ್ನು ಕೊಟ್ಟು ಸೈಕಲ್ಲುಗಳನ್ನು ಗೋಡೆಯ ಹಿಂದಿನ ಬಿಸಿಲಿಗೆ ತಳ್ಳುವ ಪದ್ಧತಿಯೂ ತೊಲಗಬೇಕು.

ಬೀಡಾ ಅಂಗಡಿಯವನ ಪ್ರಶ್ನೆ ಮೊದಲ ವಾರ ದಿನವೂ ಬರುತ್ತದೆ. ಎರಡನೆಯ ವಾರ ಆಗೊಮ್ಮೆ ಈಗೊಮ್ಮೆ ಬರುತ್ತದೆ. ತಿಂಗಳು ಕಳೆದ ಮೇಲೆ ಅವನು ಹೊಸ ಪ್ರಶ್ನೆಯೊಂದನ್ನು ಕೇಳುತ್ತಾನೆ: "ಎಷ್ಟಾಯ್ತು ಸಾ ಈ ಸೈಕಲ್ಗೆ? ನಮ್ ಹುಡ್ಗುಂಗೂ ಒಂದ್ ಬೇಕಾಗಿತ್ತು." ಅಷ್ಟು ಹೊತ್ತಿಗೆ ಮರ್ಯಾದೆಯ ಏರು ಹಿಂದೆ ಸರಿದಿರುತ್ತದೆ. ಕಾರಿನಿಂದ ಸೈಕಲ್ಲಿಗೆ ಬಂದದ್ದು ಇಳಿಯುವುದೋ ಏರುವುದೋ ಎಂಬುದನ್ನು ಆಗ ಅವರವರ ಉಸಿರನ್ನೇ ಕೇಳಿ ತಿಳಿಯಬಹುದು.